ಚಿಲಕ ಹೊರಗಿತ್ತು

ಇಪ್ಪತ್ತೇಳನೆಯ ವಯಸ್ಸಿನಲ್ಲಿ ಬೆಳಿಗ್ಗೆ ಬಟ್ಟೆ ಹಾಕಿಕೊಳ್ಳಲು ನನಗೆ ಅಮ್ಮ ಬೇಕಾಗಿದ್ದಳು. ಬಲಭುಜ ಹಿಡಿದುಕೊಂಡಿತ್ತು. ಕೈ ಎದೆಯ ಮಟ್ಟದಿಂದ ಮೇಲೆ ಏಳುತ್ತಿರಲಿಲ್ಲ, ಬೆನ್ನಿನ ಹಿಂದಕ್ಕಂತೂ ಹೋಗುತ್ತಲೇ ಇರಲಿಲ್ಲ. ಹನ್ನೆರಡನೆಯ ವಯಸ್ಸಿಗೇ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಲು ಶುರುಮಾಡಿದವಳು ನಾನು. ಈಗ ದಿನವೂ ಅದನ್ನು ತೆರೆದಿಟ್ಟು, ಅಮ್ಮನಿಗೆ ಬೆನ್ನು ತಿರುಗಿಸಿ ನಿಂತು, ಒಳಉಡುಪಿನ ಕೊಕ್ಕೆ ಹಾಕಿಸಿಕೊಳ್ಳಬೇಕಿತ್ತು. ಅಮ್ಮ ಆ ಅವಕಾಶವನ್ನು ವ್ಯರ್ಥ ಮಾಡಲಿಲ್ಲ. ‘ಮದ್ವೆ ಆಗಿದ್ರೆ ಗಂಡ ಹಾಕ್ತಿದ್ದ’ ಎಂದು ಒಂದು ದಿನ. ‘ಬೆನ್ಮೂಳೆ ಎಣಿಸ್ಬೋದು ಕಣೆ, ಏನ್ ತಿಂತೀಯಾ ಆ ಕಾಲೇಜಲ್ಲಿ?’ ಎಂದು ಇನ್ನೊಂದು ದಿನ.

ಆ ಕಾಲೇಜು ಹೆಬ್ಬಾಳದ ಹತ್ತಿರ. ನಾನು ಅಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದೆ. ಕೈ ಏಳದ ಕಾರಣ ಕರಿಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಬರೆಯುತ್ತಿದ್ದೆ. ‘ಮೇಡಂ, ಮುಂದಿನ ಬೆಂಚ್‌ನೋರ ತಲೆ ಬಿಟ್ರೆ ನಮ್ಗೇನೂ ಕಾಣಲ್ಲ’ ಎಂದು ಹಿಂದಿನಿಂದ ಕೂಗು. ಮೂಳೆ ವೈದ್ಯರು ಮಾತ್ರೆ ಕೊಟ್ಟರು, ಆಮೇಲೆ ಬೇರೆ ಮಾತ್ರೆ ಕೊಟ್ಟರು, ಕೊನೆಗೆ ‘ಎಣ್ಣೆ ಮಸಾಜ್ ಮಾಡಿಸಿ ನೋಡಿ’ ಎಂದು ಕೈತೊಳೆದುಕೊಂಡರು.

ನಮ್ಮ ಮನೆ ಯಲಹಂಕದಲ್ಲಿ. ಅಲ್ಲೇ ಮೂರು ಆಯುರ್ವೇದ ಮಸಾಜ್ ಕೇಂದ್ರಗಳಿದ್ದರೂ ನಾನು ಆರ್.ಟಿ. ನಗರದ್ದನ್ನು ಆರಿಸಿಕೊಂಡೆ. ಗುರುತಿನವರು ಯಾರೂ ಸಿಗಬಾರದು ಎಂಬುದೊಂದೇ ಕಾರಣ. ಬೇಕರಿಯೊಂದರ ಮೇಲಿನ ಮಹಡಿ. ಮೆಟ್ಟಿಲ ಮೇಲೆ ಅರ್ಧದವರೆಗೆ ಬನ್ನಿನ ವಾಸನೆ, ಆಮೇಲೆ ಕಷಾಯದ ವಾಸನೆ. ಹೊರಗಿನ ಹಾಲ್‌ನಲ್ಲಿ ಆರು ಕುರ್ಚಿ, ಒಂದು ಮೇಜು. ಮೇಜಿನ ಹಿಂದೆ ಇಪ್ಪತ್ತೆರಡರ ಆಸುಪಾಸಿನ ಹುಡುಗಿ. ಅವಳ ಬುರ್ಖಾ ಬೆನ್ನ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಫೋನಿನಲ್ಲಿ ಮನೆಯವರ ಜೊತೆ ದಖನಿ ಉರ್ದುವಿನಲ್ಲಿ ಪಿಸುಗುಡುತ್ತಿದ್ದವಳು ನನ್ನನ್ನು ಕಂಡದ್ದೇ ಕನ್ನಡಕ್ಕೆ ಹೊರಳಿದಳು, ದನಿಯೂ ನಾಲ್ಕು ಪಟ್ಟು ಏರಿತು.

‘ಫುಲ್ ಬಾಡಿನಾ ಮೇಡಂ, ಬರೀ ಶೋಲ್ಡರ್ರಾ?’

ಆರರಲ್ಲಿ ನಾಲ್ಕು ಕುರ್ಚಿಗಳಲ್ಲಿ ಜನರಿದ್ದರು, ಅದರಲ್ಲಿ ಇಬ್ಬರು ಗಂಡಸರು. ನಾಲ್ವರೂ ಉತ್ತರಕ್ಕೆ ಕಾದರು. ನಾನು ಭುಜ ಎಂದೆ. ಅವಳಿಗೆ ಕೇಳಿಸಲಿಲ್ಲ. ‘ಜೋರಾಗ್ ಹೇಳಿ ಮೇಡಂ, ನಾಚ್ಕೊಂಡ್ರೆ ನೋವು ಹೋಗುತ್ತಾ?’

ಅಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಚಿಕಿತ್ಸೆ ಮುಗಿಸಿ ಹೋಗುವವರು ಮೇಜಿನ ಮೇಲಿನ ದಪ್ಪ ಪುಸ್ತಕದಲ್ಲಿ ತಮ್ಮ ಅಭಿಪ್ರಾಯ ಬರೆಯಬೇಕು. ಬರೆದದ್ದನ್ನು ಆ ಹುಡುಗಿ, ಕಾದು ಕುಳಿತವರಿಗೆಲ್ಲ ಕೇಳುವಂತೆ ಓದಬೇಕು. ಡಾಕ್ಟರ ಅಪ್ಪಣೆ. ನಾನು ಕಾಯುತ್ತಿದ್ದಾಗ ಒಬ್ಬರ ಮಲಬದ್ಧತೆ ವಾಸಿಯಾದ ಕಥೆಯನ್ನು ಅವಳು ರೈಲ್ವೆ ಪ್ರಕಟಣೆಯ ಹಾಗೆ ಓದಿದಳು. ಬರೆದ ಮಹಾಶಯರು ಪಕ್ಕದಲ್ಲೇ ನಿಂತು ಹೆಮ್ಮೆಯಿಂದ ತಲೆಯಾಡಿಸುತ್ತಿದ್ದರು. ಸತ್ತರೂ ನಾನು ಈ ಪುಸ್ತಕ ಮುಟ್ಟುವುದಿಲ್ಲ ಎಂದುಕೊಂಡೆ.

ಡಾಕ್ಟರು ಐವತ್ತು ದಾಟಿದವರು. ಹಣೆಗೆ ಗಂಧ, ಮೈಗೆ ಸೆಂಟು, ಬಾಯಿಗೆ ‘ಅಮ್ಮಾ’. ಅವರಿಗೆ ಎಲ್ಲ ಹೆಂಗಸರೂ ಮಗಳ ಸಮಾನ. ಇದನ್ನು ಅವರು ಕೇಳದೆಯೇ ಹೇಳುತ್ತಿದ್ದರು.

‘ಭುಜದ ನೋವು ಭುಜದಲ್ಲಿರಲ್ಲಮ್ಮ. ದೇಹ ಪೂರ್ತಿ ಒಂದೇ. ಹದಿನಾಲ್ಕು ದಿನ ಪೂರ್ತಿ ಅಭ್ಯಂಗ ಆಗ್ಬೇಕು. ನೀನು ಓದಿರೋಳು, ಅರ್ಥ ಆಗುತ್ತೆ.’

ಅರ್ಥವಾಗಲಿಲ್ಲ. ಓದಿರುವವಳಾದ್ದರಿಂದ ತಲೆಯಾಡಿಸಿದೆ.

ಹೆಂಗಸರ ಕೋಣೆಯ ಗೋಡೆಗೆ ಚೌಕಟ್ಟು ಹಾಕಿದ ಸೂಚನಾಫಲಕವಿತ್ತು. ನಿಮ್ಮ ನೆಮ್ಮದಿಯೇ ನಮ್ಮ ಪೂಜೆ ಎಂದು ಮೇಲೆ. ಕೆಳಗೆ ನಾವು ಮಾಡಬೇಕಾದ ಕೆಲಸಗಳು: ಮೊಬೈಲ್ ಆಫ್ ಮಾಡಬೇಕು, ಒಡವೆಗೆ ನಾವೇ ಹೊಣೆ, ಎಲ್ಲ ಬಟ್ಟೆಗಳನ್ನೂ ತೆಗೆದು ಬುಟ್ಟಿಯಲ್ಲಿಡಬೇಕು, ಕೇಂದ್ರದವರು ಕೊಟ್ಟದ್ದನ್ನಷ್ಟೇ ಧರಿಸಬೇಕು. ಬಟ್ಟೆ ತೆಗೆಯುವಾಗ ಯಾರು ಹೊರಗೆ ನಿಲ್ಲಬೇಕು, ಯಾರು ಬಾಗಿಲು ತಟ್ಟಬೇಕು ಎಂಬ ಬಗ್ಗೆ ಪೂಜೆಯಲ್ಲಿ ಮಂತ್ರವಿರಲಿಲ್ಲ. ಬಾಗಿಲಿಗೆ ಚಿಲಕವೂ ಇರಲಿಲ್ಲ. ಹಿಂದೆ ಇದ್ದಿರಬೇಕು, ನಾಲ್ಕು ಸ್ಕ್ರೂಗಳ ತೂತು ಕಾಣುತ್ತಿದ್ದವು.

ಕೇಂದ್ರದವರು ಕೊಟ್ಟದ್ದೆಂದರೆ ಒಂದು ಗೇಣಗಲದ ಬಿಳಿ ಬಟ್ಟೆಯ ಪಟ್ಟಿ, ಅದಕ್ಕೊಂದು ಲಾಡಿ. ಇದನ್ನು ನನ್ನ ಕೈಗಿತ್ತವರು ಮಸಾಜ್ ಮಾಡುವ ಹೆಂಗಸು. ಐವತ್ತೈದರ ಹತ್ತಿರದವರು, ಯಲಹಂಕದ ಪಕ್ಕದ ಕೋಗಿಲಿನಿಂದ ಎರಡು ಬಸ್ ಬದಲಿಸಿ ಬರುತ್ತಿದ್ದರು. ಪಟ್ಟಿ ಕೊಟ್ಟು ಅವರು ಅಲ್ಲೇ ನಿಂತರು. ಹೊರಗೆ ಹೋಗುತ್ತಾರೇನೋ ಎಂದು ನಾನೂ ನಿಂತೆ. ಸಣ್ಣ ಸ್ಟವ್ ಮೇಲೆ ತಾಮ್ರದ ಪಾತ್ರೆಯಲ್ಲಿ ಎಣ್ಣೆ ಬಿಸಿಯಾಗುತ್ತಿತ್ತು.

‘ಬಿಚ್ಚಿ ಮೇಡಂ, ಎಣ್ಣೆ ಕಾದೈತೆ.’

‘ನೀವು ಸ್ವಲ್ಪ ಆ ಕಡೆ...’

‘ಅಯ್ಯ, ನಾನ್ ನೋಡ್ದೇ ಇರೋ ಮೈಯ್ಯಾ? ಕೋಗ್ಲಲ್ಲಿ ಅರ್ಧ ಊರಿನ ಬಾಣಂತೀರ್ಗೆ ನೀರಾಕಿವ್ನಿ. ಇಂಗ್ ನಾಚ್ಕಂಡ್ರೆ ಮುಂದೆ ಇನ್ನೇನ್ ಮಾಡೀರಿ?’

ಒಂದೇ ಕೈಯಲ್ಲಿ ನಾನು ಕುರ್ತಾದೊಂದಿಗೆ ಗುದ್ದಾಡುವುದನ್ನು ಒಂದು ನಿಮಿಷ ನೋಡಿ, ಅವರೇ ಬಂದು ಎರಡು ಎಳೆತದಲ್ಲಿ ಕಳಚಿಹಾಕಿದರು. ಕೊಕ್ಕೆಯನ್ನು ತೆಗೆದರು. ‘ಏನ್ ಒಣಕ್ಲು ಮೈ’ ಎಂದರು. ಅಮ್ಮನ ಬೆರಳುಗಳಿಂದ ತಪ್ಪಿಸಿಕೊಳ್ಳಲೆಂದು ಆರೇಳು ಮೈಲಿ ಆಚೆ ಬಂದು, ಇನ್ನೊಬ್ಬ ಅಮ್ಮನ ಕೈಗೆ ಸಿಕ್ಕಿದ್ದೆ. ಕಾಲುಮಣೆಯನ್ನು ಉದ್ದಕ್ಕೆ ಎಳೆದಂಥ ಮರದ ಹಲಗೆಯ ಮೇಲೆ ಮಲಗಿದೆ. ಎಣ್ಣೆ ಹರಿದುಹೋಗಲು ಅದರ ಅಂಚಿಗೆ ಕಾಲುವೆ ಕೊರೆದಿದ್ದರು. ಒಗ್ಗರಣೆಗೆ ಕಾದ ಬದನೆಕಾಯಿಗೂ ನನಗೂ ಇದ್ದ ವ್ಯತ್ಯಾಸವನ್ನು ಹುಡುಕುತ್ತಾ ಆ ಮುಕ್ಕಾಲು ಗಂಟೆ ಕಳೆದೆ. ಕೈಗುಣ ಮಾತ್ರ ಒಳ್ಳೆಯದಿತ್ತು, ಅದನ್ನು ಮೊದಲ ದಿನವೇ ಒಪ್ಪಬೇಕಾಯಿತು. ಹೆಬ್ಬೆರಳು ಭುಜದ ಸಂದಿಯಲ್ಲಿ ಸರಿಯಾದ ಜಾಗಕ್ಕೇ ಹೋಗಿ ನಿಂತಿತು.

ಎರಡನೆಯ ದಿನ ಅರ್ಧದಲ್ಲಿ ಬಾಗಿಲು ತೆರೆಯಿತು. ಡಾಕ್ಟರು. ತಟ್ಟಲಿಲ್ಲ, ಕೆಮ್ಮಲಿಲ್ಲ. ಕೈಯಲ್ಲಿ ಪ್ಯಾಡು, ಪೆನ್ನು.

‘ಹೇಗಿದ್ದೀಯಮ್ಮಾ?’

ಹೆಂಗಸು ನನ್ನ ಮೇಲೆ ಟವೆಲ್ ಎಸೆದರು. ಅದು ಸೊಂಟದಿಂದ ಮೊಣಕಾಲಿನವರೆಗೆ ಬಿತ್ತು. ಉಳಿದದ್ದಕ್ಕೆ ನನ್ನ ಎಡಗೈ ಇತ್ತು, ಬಲಗೈ ಏಳುತ್ತಿರಲಿಲ್ಲ. ಡಾಕ್ಟರು ಪಾತ್ರೆಯ ಎಣ್ಣೆಗೆ ಬೆರಳು ಅದ್ದಿ ನೋಡಿದರು, ಏನೋ ಬರೆದುಕೊಂಡರು, ಹವಾಮಾನದ ಬಗ್ಗೆ ಒಂದು ಮಾತು ಆಡಿದರು. ಅವರು ನನ್ನನ್ನು ಮುಟ್ಟಲಿಲ್ಲ. ಕೆಟ್ಟ ಮಾತು ಆಡಲಿಲ್ಲ. ಬಸ್ ನಿಲ್ದಾಣದಲ್ಲಿ ಸಿಕ್ಕವರ ಹಾಗೆ ನಿಂತಿದ್ದರು, ಅಷ್ಟೇ. ಹೊರಡುವಾಗ ‘ಆರಾಮಾಗಿರಮ್ಮ’ ಎಂದರು.

ಅದಕ್ಕೆ ನಾನು ‘ಥ್ಯಾಂಕ್ಸ್ ಸರ್’ ಎಂದೆ.

ಇದನ್ನು ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಸ್ನಾತಕೋತ್ತರ ಪದವಿ, ಎರಡು ಚಿನ್ನದ ಪದಕ, ಅರವತ್ತು ಹುಡುಗರ ತರಗತಿಯನ್ನು ಒಂದು ನೋಟದಲ್ಲಿ ಸುಮ್ಮನಾಗಿಸುವ ಮೇಡಂ. ಬರಿಮೈಯಲ್ಲಿ ಮಲಗಿದ್ದಾಗ ಕೇಳದೆ ನುಗ್ಗಿದ ಮನುಷ್ಯನಿಗೆ ಕೃತಜ್ಞತೆ ಸಲ್ಲಿಸಿದಳು. ಸಭ್ಯತೆ ಎಂದು ನಾನು ಅದುವರೆಗೆ ಜೋಪಾನ ಮಾಡಿಕೊಂಡು ಬಂದದ್ದರ ಬೆಲೆ ಇಷ್ಟು. ಮೂರನೆಯ ದಿನವೂ ಅವರು ಬಂದರು, ನಾಲ್ಕನೆಯ ದಿನವೂ ಬಂದರು. ಮೂರು ಸಲ ಥ್ಯಾಂಕ್ಸ್ ಹೇಳಿದೆ.

ಬಿಟ್ಟುಬಿಡಬಹುದಿತ್ತು. ಆದರೆ ನಾಲ್ಕನೆಯ ದಿನ ಕೈ ನಾಲ್ಕು ಬೆರಳಷ್ಟು ಮೇಲೆ ಬಂದಿತ್ತು. ಆ ಹೆಬ್ಬೆರಳು ನನಗೆ ಬೇಕಾಗಿತ್ತು, ಆ ಬಾಗಿಲು ಬೇಡವಾಗಿತ್ತು.

ಆ ದಿನ ವಾಪಸ್ ಹೋಗುವಾಗ ಹೆಬ್ಬಾಳದಲ್ಲಿ ಯಲಹಂಕದ ಬಸ್ ಹತ್ತಿದೆ. ಎರಡು ಸೀಟಿನ ಮುಂದೆ ಆ ಹೆಂಗಸು ಕುಳಿತಿದ್ದರು. ನನ್ನ ಕಣ್ಣಿಗೆ ಕಣ್ಣು ಕೊಟ್ಟರು. ಆ ದನಿ, ಆ ಬಾಯಿ. ತುಂಬಿದ ಬಸ್ಸಿನಲ್ಲಿ ‘ಏನ್ ಮೇಡಂ, ಬೆನ್ನು ಸಡ್ಲಾಯ್ತಾ?’ ಎಂದರೆ ನಾನು ಮುಂದಿನ ನಿಲ್ದಾಣದಲ್ಲೇ ಇಳಿಯುವವಳು. ಅವರು ಮುಖ ತಿರುಗಿಸಿ ಕಿಟಕಿಯ ಆಚೆ ನೋಡತೊಡಗಿದರು. ಯಲಹಂಕ ಬರುವವರೆಗೂ ತಿರುಗಲಿಲ್ಲ. ನನ್ನನ್ನು ಎಂದೂ ಕಂಡೇ ಇಲ್ಲವೆಂಬಂತೆ ನನ್ನ ಕಾಲು ದಾಟಿಕೊಂಡು ಇಳಿದುಹೋದರು.

ಮರುದಿನ ನಾನೇ ಕೇಳಿದೆ. ಎಣ್ಣೆ ಕೈಗೆ ಹಾಕಿಕೊಳ್ಳುತ್ತಾ ಹೇಳಿದರು: ‘ನಾನ್ ಮಾತಾಡ್ಸಿದ್ರೆ ಪಕ್ಕದೋಳು ಕೇಳ್ತಾಳೆ, ಯಾರು, ಎತ್ತ, ಎಂಗ್ ಗೊತ್ತು ಅಂತ. ಏನಂತೀರಾ ನೀವು? ಇಲ್ ನೋಡಿದ್ನ ಇಲ್ಲೇ ಬುಟ್ಟು ಓಗ್ಬೇಕು. ಇಲ್ದಿದ್ರೆ ಇಪ್ಪತ್ ವರ್ಸ ಜನ ನನ್ ಮುಂದೆ ಸೀರೆ ಬಿಚ್ತಿದ್ರಾ?’

ಗೋಡೆಯ ಮೇಲಿನ ಫಲಕದಲ್ಲಿ ಇಲ್ಲದ ನಿಯಮ. ಅದನ್ನು ಚೌಕಟ್ಟು ಹಾಕಿಸದೆ ಪಾಲಿಸಿಕೊಂಡು ಬಂದ ಹೆಂಗಸಿನ ಬಾಯಿಗೆ ನಾನು ನಾಲ್ಕು ದಿನ ಅಸಹ್ಯಪಟ್ಟುಕೊಂಡಿದ್ದೆ. ಆದರೂ ಬಾಗಿಲಿನ ವಿಷಯ ಅವರಿಗೆ ಹೇಳಲು ಬಾಯಿ ಬರಲಿಲ್ಲ. ಅದಾಗಲೇ ನನ್ನ ಜಾಣತನದ ದಾರಿಯಲ್ಲಿ ಒಂದು ಕೆಲಸ ಮಾಡಿದ್ದೆ. ಹಿಂದಿನ ದಿನವೇ ಚೀಟಿ ಬರೆದು, ಮಡಚಿ, ಡಾಕ್ಟರಿಗೆ ಕೊಡಿ ಎಂದು ಮೇಜಿನ ಹುಡುಗಿಗೆ ಕೊಟ್ಟಿದ್ದೆ. ‘ದಯವಿಟ್ಟು ಹೆಂಗಸರ ಕೋಣೆಗೆ ಚಿಲಕ ಹಾಕಿಸಿ.’ ಅಷ್ಟೇ. ಕಾರಣ ಬರೆದಿರಲಿಲ್ಲ. ಕಾರಣ ಬರೆದರೆ ಅವರಿಗೆ ಮುಜುಗರವಾದೀತು ಎಂದು!

ಐದನೆಯ ದಿನ ಹೊರಟಾಗ ಬಡಗಿ ಬಂದಿದ್ದ. ಡಾಕ್ಟರು ನಿಂತು ಹೇಳಿ ಮಾಡಿಸುತ್ತಿದ್ದರು. ನನ್ನನ್ನು ಕಂಡು, ಕೇಳಿದ ಆಟಿಕೆ ಕೊಡಿಸಿದ ಅಪ್ಪನ ಹಾಗೆ ನಕ್ಕರು. ‘ನೋಡಮ್ಮ, ಹೇಳಿದ ಮರುದಿನವೇ!’

ಫಳಫಳ ಹೊಳೆಯುವ ಹಿತ್ತಾಳೆಯ ಚಿಲಕ. ಬಾಗಿಲಿನ ಹೊರಮೈಗೆ.

‘ಸರ್, ಇದು ಒಳಗೆ ಇರಬೇಕಿತ್ತು.’

‘ಒಳಗ್ಯಾಕಮ್ಮ? ತಾಮ್ರದ ಪಾತ್ರೆ, ಎಣ್ಣೆ ಡಬ್ಬ ಎಲ್ಲ ಒಳಗಿರುತ್ತೆ. ಯಾರಾದ್ರೂ ಎತ್ಕೊಂಡ್ ಹೋದ್ರೆ? ನಾನೂ ಬಹಳ ದಿನದಿಂದ ಅಂದ್ಕೊತಿದ್ದೆ, ನೀನು ನೆನಪು ಮಾಡಿದೆ. ಒಳಗಡೆ ಹಾಕಿದ್ರೆ ಪೇಷೆಂಟ್ ತಲೆ ಸುತ್ತಿ ಬಿದ್ರೆ ನಾವು ಹೇಗಮ್ಮ ಒಳಗೆ ಬರೋದು?’

ಒಳಗೆ ಬರುವುದರ ಚಿಂತೆ ಅವರನ್ನು ಬಿಟ್ಟಿರಲಿಲ್ಲ. ಬೀಗ ಬೇಕಾಗುವಂಥದ್ದು ಆ ಕೋಣೆಯಲ್ಲಿ ಏನಿದೆ ಎಂದರೆ ಅವರಿಗೆ ಹೊಳೆದದ್ದು ತಾಮ್ರದ ಪಾತ್ರೆ. ನಾನು ಮತ್ತೆ ಥ್ಯಾಂಕ್ಸ್ ಹೇಳುವುದರಲ್ಲಿದ್ದೆ, ಗಂಟಲಲ್ಲೇ ಹಿಡಿದೆ. ಮೆಟ್ಟಿಲಿಳಿಯುವಾಗ ಇನ್ನು ಬರುವುದಿಲ್ಲ ಎಂದು ನಿರ್ಧರಿಸಿಯಾಗಿತ್ತು. ಮೇಜಿನ ಹುಡುಗಿ ಹಿಂದೆಯೇ ಓಡಿಬಂದಳು. ಅವಳಿಗೂ ಪಿಸುಮಾತು ಬರುತ್ತದೆಂದು, ಮನೆಯ ಫೋನಿಗಲ್ಲದೆ ಬೇರೆಯವರಿಗೂ ಅದು ಸಿಗುತ್ತದೆಂದು ಅಂದು ತಿಳಿಯಿತು.

‘ಮೇಡಂ, ಆ ಚೀಟಿ ನಾನ್ ಓದ್ದೆ, ಸಾರಿ. ನಾಳೆ ಬನ್ನಿ. ಮಸಾಜ್ ಆಂಟಿ ಹೇಳಿದಾರೆ, ಬರ್ತಾ ಹಳೇ ಲಂಗ ಒಂದು ತಗೊಂಡ್ ಬರ್ಬೇಕಂತೆ.’

ಅಮ್ಮನ ಹಳೆಯ ಲಂಗವೊಂದನ್ನು ಬ್ಯಾಗಿನಲ್ಲಿ ಅಡಗಿಸಿಕೊಂಡು ಹೋದೆ. ಹೆಂಗಸು ಅದರ ಲಾಡಿ ಎಳೆದು ನೋಡಿ, ‘ಎದೆಗೆ ಕಟ್ಕಳಿ’ ಎಂದರು. ಕೆರೆಯಲ್ಲಿ, ಬಾವಿಕಟ್ಟೆಯಲ್ಲಿ ಹೆಂಗಸರು ಮೀಯುವಾಗ ಲಂಗವನ್ನು ಎದೆಯ ಮೇಲೆ ಕಟ್ಟಿಕೊಳ್ಳುತ್ತಾರಲ್ಲ, ಹಾಗೆ. ಭುಜಗಳೆರಡೂ ಬಯಲಾದವು, ಉಳಿದದ್ದು ಮೊಣಕಾಲವರೆಗೆ ಮುಚ್ಚಿತು. ಹತ್ತು ಹನ್ನೆರಡು ಪೀಳಿಗೆಯ ಹೆಂಗಸರಿಗೆ ಗೊತ್ತಿದ್ದ ಉಪಾಯ ಇಡೀ ದೇಹ ಒಂದೇ ಎನ್ನುವ ಶಾಸ್ತ್ರಜ್ಞರಿಗೆ ಗೊತ್ತಿರಲಿಲ್ಲ. ‘ಭುಜದ್ ನೋವ್ಗೆ ತೊಡೆಗ್ಯಾಕೆ ಎಣ್ಣೆ, ದಂಡ’ ಎಂದರು ಅವರು. ನಾನು ಕಟ್ಟಿಕೊಳ್ಳುವಾಗ ಗೋಡೆಯ ಕಡೆ ತಿರುಗಿ, ಕುದಿಯದ ಎಣ್ಣೆಯನ್ನು ಕದಡುತ್ತಾ ನಿಂತಿದ್ದರು. ‘ಆಯ್ತಾ?’ ಎಂದು ಕೇಳಿ, ನಾನು ಆಯಿತು ಎಂದ ಮೇಲೇ ತಿರುಗಿದರು. ಚೀಟಿಯ ಸುದ್ದಿ ಅವರಿಗೂ ತಲುಪಿತ್ತು.

‘ಚಪ್ಲಿ ಎಲ್ಲೈತೆ?’

‘ಹೊರಗೆ, ಸ್ಟ್ಯಾಂಡಲ್ಲಿ.’

ಅವರೇ ಹೋಗಿ ತಂದು, ಎಣ್ಣೆಯ ಪಾತ್ರೆಗೆ ಕೈಮುಗಿದು ಶುರುಮಾಡುವ ಆ ಕೋಣೆಯ ಮೂಲೆಯಲ್ಲಿ ನನ್ನ ಚಪ್ಪಲಿ ಇಟ್ಟರು. ಆಮೇಲೆ ಬಾಗಿಲನ್ನು ಒಳಗಿನಿಂದ ಎರಡು ಸಲ ತಟ್ಟಿದರು. ಹೊರಗೆ ಕಿರ್ರೆಂದು ಸದ್ದಾಯಿತು. ಮೇಜಿನ ಹುಡುಗಿ ಹೊಸ ಚಿಲಕ ಹಾಕಿದಳು.

ಹೊರಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಇದು ಯಾರಿಗಾದರೂ ತಿಳಿಯುವಂಥದ್ದು, ಡಾಕ್ಟರಿಗೂ. ಇಪ್ಪತ್ತು ನಿಮಿಷ ಕಳೆದ ಮೇಲೆ ಅವರ ಹೆಜ್ಜೆಯ ಸದ್ದು, ಅವರ ಸೆಂಟು ಬಾಗಿಲಿನ ಸಂದಿಯಿಂದ ಒಳಬಂದವು. ನನ್ನ ಭುಜದ ಮೇಲಿನ ಹೆಬ್ಬೆರಳು ನಿಂತಿತು.

‘ಲೆಕ್ಚರರ್ ಹುಡುಗಿ ಬರ್ಲಿಲ್ವಾ?’

‘ಬಂದು ಮುಗಿಸ್ಕೊಂಡ್ ಹೋದ್ರು ಸರ್, ಈಗ್ತಾನೆ!’ ಹುಡುಗಿಯ ದನಿ ಬೀದಿಯ ಬೇಕರಿಗೂ ಕೇಳಿಸಿರಬೇಕು.

‘ಎಣ್ಣೆ ವಾಸ್ನೆ ಇನ್ನೂ ಇದೆಯಲ್ಲ.’

‘ಮತ್ತೆ? ಮಸಾಜ್ ಸೆಂಟರಲ್ಲಿ ಬಿರಿಯಾನಿ ವಾಸ್ನೆ ಬರುತ್ತಾ ಸರ್?’

ಹೆಂಗಸು ಸೆರಗು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದರು. ನಾನು ಹಲಗೆಯ ಮೇಲೆ, ಬೀಗವಿಲ್ಲದಿದ್ದರೂ ಬಂಧಿಯಾಗಿ, ಐದು ದಿನದಿಂದ ನಾನು ಶಪಿಸುತ್ತಿದ್ದ ಆ ಗಂಟಲಿನ ಭರವಸೆಯ ಮೇಲೆ ಮಲಗಿದ್ದೆ. ಕೂಗಿದರೆ ಬಾಗಿಲು ತೆರೆಯುವವಳು ಅವಳೊಬ್ಬಳೇ. ಮೈ ಸಡಿಲವಾದದ್ದು ಅವತ್ತೇ ಮೊದಲು.

ಹೀಗೆ ಎಂಟು ದಿನ ನಾನು ಪ್ರತಿದಿನವೂ ‘ಈಗ್ತಾನೆ’ ಹೋದೆ. ಹದಿನಾಲ್ಕನೆಯ ದಿನದ ಹೊತ್ತಿಗೆ ಕೈ ಕಿವಿ ದಾಟಿ ನೆಟ್ಟಗೆ ಮೇಲೆ ಹೋಯಿತು.

ಕೊನೆಯ ದಿನ ಡಾಕ್ಟರು ಹಾಲ್‌ನಲ್ಲೇ ಕಾದಿದ್ದರು. ಕುರ್ಚಿಗಳೆಲ್ಲ ತುಂಬಿದ್ದವು. ‘ಕೈ ಎತ್ತಿ ತೋರ್ಸಮ್ಮ ಎಲ್ರಿಗೂ’ ಎಂದರು. ಎತ್ತಿದೆ. ‘ನೋಡಿ! ದಿನಾ ನಾನೇ ನಿಂತು ನೋಡ್ಕೊಂಡಿದ್ದೀನಿ. ಮಗಳ ತರ.’ ಪುಸ್ತಕವನ್ನು ನನ್ನ ಕಡೆ ತಳ್ಳಿದರು.

ಹೆಂಗಸು ಕೋಣೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ನೀವು ಎಂಟು ದಿನದಿಂದ ನನ್ನನ್ನು ನೋಡಿಯೇ ಇಲ್ಲ ಎನ್ನುವುದು ನಾಲಗೆಯ ತುದಿಯಲ್ಲಿತ್ತು. ಅದನ್ನು ಹೇಳಿದ್ದರೆ ಇಬ್ಬರ ಕೆಲಸ ಹೋಗುತ್ತಿತ್ತು. ‘ಧನ್ಯವಾದ’ ಎಂದಷ್ಟೇ ಬರೆದು ಇಳಿದುಹೋಗಬಹುದಿತ್ತು. ಹುಡುಗಿ ಅದನ್ನೂ ರೈಲು ಬಂದ ಹಾಗೆ ಓದುತ್ತಿದ್ದಳು. ಇನ್ನೇನು ಬರೆದರೂ ಓದುತ್ತಾಳೆ. ಅದು ಗೊತ್ತಿದ್ದೇ ಪೆನ್ನು ತೆಗೆದೆ. ಬಲಗೈಯಲ್ಲಿ, ನೋವಿಲ್ಲದೆ, ದುಂಡಗೆ ಬರೆದೆ. ಪುಸ್ತಕವನ್ನು ಡಾಕ್ಟರ ಕಡೆಗಲ್ಲ, ಹುಡುಗಿಯ ಕಡೆಗೆ ತಿರುಗಿಸಿದೆ.

ಅವಳು ಮೊದಲು ಕಣ್ಣಲ್ಲೇ ಓದಿದಳು. ನನ್ನ ಮುಖ ನೋಡಿದಳು. ಎದ್ದು ನಿಂತು, ದನಿಯನ್ನು ಒಂದಿಷ್ಟೂ ತಗ್ಗಿಸದೆ ಶುರುಮಾಡಿದಳು.

‘ಭುಜ ವಾಸಿಯಾಗಿದೆ. ಎಣ್ಣೆ ಹಚ್ಚಿದವರ ಕೈಗುಣ ಬಹಳ ಒಳ್ಳೆಯದು. ಎರಡು, ಮೂರು ಮತ್ತು ನಾಲ್ಕನೆಯ ದಿನ, ನಾನು ಮೈಮೇಲೆ ಬಟ್ಟೆಯಿಲ್ಲದೆ ಮಲಗಿದ್ದಾಗ ಡಾಕ್ಟರು ಬಾಗಿಲು ತಟ್ಟದೆ ಒಳಗೆ ಬಂದರು. ಮೂರು ಸಲವೂ ನಾನು ಥ್ಯಾಂಕ್ಸ್ ಹೇಳಿದೆ. ಆ ಮೂರೂ ಥ್ಯಾಂಕ್ಸನ್ನು ಈ ಮೂಲಕ ವಾಪಸ್ ಪಡೆಯುತ್ತಿದ್ದೇನೆ.’

ಆರು ಕುರ್ಚಿಗಳು ನನ್ನನ್ನು ನೋಡಿದವು, ಬಟ್ಟೆಯಿಲ್ಲದ ನನ್ನನ್ನು ಊಹಿಸಿಕೊಂಡವು. ಊಹಿಸಿಕೊಳ್ಳಲಿ ಎಂದು ನಿಂತೆ. ಡಾಕ್ಟರು ‘ಏನಮ್ಮ ಇದು, ನಾನು ಮಗಳ ತರ...’ ಎಂದು ಶುರುಮಾಡಿದರು. ಕೊನೆಯ ಕುರ್ಚಿಯಲ್ಲಿದ್ದ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡ ದಪ್ಪನೆಯ ಹೆಂಗಸೊಬ್ಬರು ಅವರ ಮಾತಿಗೆ ಕಾಯದೆ ಮೇಜಿನ ಹುಡುಗಿಯನ್ನು ಕೇಳಿದರು:

‘ಅದೇನ್ರೀ, ಬಾಗ್ಲಿಗೆ ಚಿಲಕ ಇಲ್ವಾ?’

‘ಇದೆ ಮೇಡಂ,’ ಎಂದಳು ಹುಡುಗಿ. ‘ಹೊರಗಡೆ. ತಾಮ್ರದ ಪಾತ್ರೆಗೆ.’

ಆಕೆ ಕೈಚೀಲ ಎತ್ತಿಕೊಂಡು ಎದ್ದರು. ‘ಒಳಗ್ ಹಾಕ್ಸಿದ್ ಮೇಲೆ ಫೋನ್ ಮಾಡ್ಸಿ ಡಾಕ್ಟ್ರೇ, ಬರ್ತೀನಿ.’ ಅವರ ಹಿಂದೆಯೇ ನಾನೂ ಮೆಟ್ಟಿಲಿಳಿದೆ.

ಮರುದಿನ ಬೆಳಿಗ್ಗೆ ಅಮ್ಮ ಅಭ್ಯಾಸಬಲದಿಂದ ನನ್ನ ಕೋಣೆಯ ಬಾಗಿಲು ತಳ್ಳಿದಳು. ಅದು ತೆರೆಯಲಿಲ್ಲ. ಇನ್ನೊಮ್ಮೆ ತಳ್ಳಿದಳು. ಆಮೇಲೆ ತಟ್ಟಿದಳು.

‘ಅಂಥಾ ಬಂಗಾರ ಏನಿಟ್ಟಿದ್ದೀಯೇ ಒಳಗೆ?’

ನಾನು ಎರಡೂ ಕೈ ಹಿಂದೆ ಮಾಡಿ ಕೊಕ್ಕೆ ಹಾಕಿಕೊಳ್ಳುತ್ತಿದ್ದೆ. ಮೂರನೆಯ ಪ್ರಯತ್ನಕ್ಕೆ ಸಿಕ್ಕಿತು.